ಹಿಂತಿರುಗಿಸಿದ ಚಿತ್ರ

ಜನ ಕೈಬಿಟ್ಟ ವಸ್ತುಗಳಿಗೆ ಒಂದು ದಿನ ಮತ್ತೆ ಬೆಲೆ ಬರುವುದು ಹೊಸ ಸಂಗತಿಯೇನಲ್ಲ. ಗ್ರಾಮಫೋನ್ ತಟ್ಟೆ, ಶಾಯಿ ಪೆನ್ನು, ಕೀಲಿ ಕೊಡುವ ಗಡಿಯಾರಗಳ ಸಾಲಿಗೆ ಈಗ ಪೊಲರಾಯ್ಡ್ ಕ್ಯಾಮೆರಾವೂ ಸೇರಿದೆ. ಗುಂಡಿ ಒತ್ತಿದ ಕೂಡಲೇ ಚಿತ್ರವನ್ನು ಹೊರಗೆ ತಳ್ಳುವ ಈ ಯಂತ್ರವನ್ನು ಲೋಕಕ್ಕೆ ಪರಿಚಯಿಸಿದ ಅಮೆರಿಕದ ಕಂಪೆನಿ 2001ರಲ್ಲಿ ದಿವಾಳಿಯಾಯಿತು. 2008ರಲ್ಲಿ ಫಿಲ್ಮ್ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಪ್ರಕಟಿಸಿತು. ಆಗ ನೆದರ್‌ಲ್ಯಾಂಡ್ಸ್‌ನ ಎನ್ಸ್ಕೆಡೆಯಲ್ಲಿದ್ದ ಕಾರ್ಖಾನೆಯ ಯಂತ್ರಗಳನ್ನು ಕೆಲವು ಉತ್ಸಾಹಿಗಳು ಕೊಂಡುಕೊಂಡರು. 'ಇಂಪಾಸಿಬಲ್ ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ 2010ರಿಂದ ಹೊಸ ಫಿಲ್ಮ್ ಮಾರತೊಡಗಿದರು. 2020ರಲ್ಲಿ ಆ ಸಂಸ್ಥೆ ಪೊಲರಾಯ್ಡ್ ಎಂಬ ಹಳೆಯ ಹೆಸರನ್ನೇ ಧರಿಸಿತು. ಜಪಾನಿನ ಫ್ಯೂಜಿ ಕಂಪೆನಿ 1998ರಲ್ಲಿ ತಂದ ಇನ್‌ಸ್ಟ್ಯಾಕ್ಸ್ ಅಂತೂ ನಮ್ಮ ಮದುವೆ ಮನೆಗಳಿಗೂ ಬಂದು ಕುಳಿತಿದೆ.

ಹವ್ಯಾಸಿಗಳ ಪ್ರೀತಿಯನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. 1972ರಲ್ಲಿ ಬಂದ ಎಸ್‌ಎಕ್ಸ್-70 ಎಂಬ ಮಡಚುವ ಕ್ಯಾಮೆರಾವನ್ನು ಹುಡುಕಿ ತಂದು, ಅದರ ಚರ್ಮದ ಹೊದಿಕೆಯನ್ನು ಬದಲಿಸಿ, ಉರುಳೆಗಳನ್ನು ಒರೆಸಿ, ಮತ್ತೆ ಕೆಲಸ ಮಾಡುವಂತೆ ಮಾಡುವವನ ಶ್ರದ್ಧೆ ದೊಡ್ಡದು. ಆದರೆ ಇವರು ಹೊಗಳುವುದು ಹೆಚ್ಚಾಗಿ ಬಿಳಿಯ ಅಂಚನ್ನು, ಮಂಕಾದ ಬಣ್ಣವನ್ನು, ಅಂಚಿನಲ್ಲಿ ಉಳಿದ ಕಲೆಯನ್ನು. ಅಂದರೆ ಹಳೆಯದರ ಮೈಬಣ್ಣವನ್ನು. ಈ ಮೈಬಣ್ಣವನ್ನು ಇಂದು ಮೊಬೈಲ್ ಕೂಡ ಒಂದು ಕ್ಷಣದಲ್ಲಿ ಬಳಿದು ಕೊಡುತ್ತದೆ. ಹಾಗಾದರೆ ಈ ಕ್ಯಾಮೆರಾದಲ್ಲಿ ನಿಜವಾಗಿಯೂ ಪ್ರೀತಿಸಬೇಕಾದದ್ದು ಯಾವುದು?

ಅದರ ಹುಟ್ಟಿನ ಕತೆಯಲ್ಲೇ ಉತ್ತರದ ಎಳೆಯಿದೆ. 1943ರಲ್ಲಿ ವಿಜ್ಞಾನಿ ಎಡ್ವಿನ್ ಲ್ಯಾಂಡ್ ಸಂಸಾರ ಸಮೇತ ಸಾಂತಾ ಫೆ ನಗರಕ್ಕೆ ಹೋಗಿದ್ದಾಗ ಮೂರು ವರ್ಷದ ಮಗಳ ಚಿತ್ರ ತೆಗೆದ. ಅದನ್ನು ಈಗಲೇ ಯಾಕೆ ನೋಡಲಾಗುವುದಿಲ್ಲ ಎಂದು ಮಗು ಕೇಳಿತು. ಆ ಪ್ರಶ್ನೆಯ ಬೆನ್ನು ಹತ್ತಿದ ಲ್ಯಾಂಡ್ 1947ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಲ್ಲಿ ತನ್ನ ವಿಧಾನವನ್ನು ಪ್ರದರ್ಶಿಸಿದ. 1948ರ ನವೆಂಬರಿನಲ್ಲಿ ಬೋಸ್ಟನ್ನಿನ ಅಂಗಡಿಯೊಂದರಲ್ಲಿ ಮೊದಲ ಕ್ಯಾಮೆರಾ ಮಾರಾಟಕ್ಕೆ ಬಂತು. ಈ ಕತೆಯನ್ನು ಎಲ್ಲರೂ ಹೇಳುತ್ತಾರೆ. ಆದರೆ ಆ ಪ್ರಶ್ನೆ ಕ್ಯಾಮೆರಾ ಹಿಡಿದವನದಲ್ಲ, ಅದರ ಮುಂದೆ ನಿಂತ ಮಗುವಿನದು ಎಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. ನನ್ನ ಮುಖ ನನ್ನ ಕೈಗೆ ಯಾವಾಗ ಬರುತ್ತದೆ ಎಂಬುದು ಚಿತ್ರಕ್ಕೆ ಒಳಗಾದವರ ಪ್ರಶ್ನೆ.

ಎಸ್‌ಎಕ್ಸ್-70ರ ಫಿಲ್ಮಿನ ರಚನೆಯೂ ಇದಕ್ಕೆ ಒತ್ತಾಸೆಯಾಗಿದೆ. ಚಿತ್ರದ ಕೆಳಗಿನ ಬಿಳಿ ಅಂಚು ಉಳಿದ ಅಂಚುಗಳಿಗಿಂತ ಅಗಲವಾಗಿರುವುದು ಅಲಂಕಾರಕ್ಕಲ್ಲ. ರಾಸಾಯನಿಕ ತುಂಬಿದ ಪುಟ್ಟ ಚೀಲ ಅಲ್ಲಿದೆ. ಹಾಳೆ ಉರುಳೆಗಳ ನಡುವೆ ಹಾದು ಬರುವಾಗ ಚೀಲ ಒಡೆದು ದ್ರವ ಪದರಗಳ ನಡುವೆ ಹರಡಿಕೊಳ್ಳುತ್ತದೆ. ಚಳಿಯಿದ್ದರೆ ಚಿತ್ರ ನೀಲಿಗೆ ತಿರುಗುತ್ತದೆ, ಸೆಖೆಯಿದ್ದರೆ ಹಳದಿ ಕೆಂಪಿಗೆ. ಮತ್ತೆ ಮತ್ತೆ ಅಚ್ಚು ಹಾಕಲು ನೆಗೆಟಿವ್ ಉಳಿಯುವುದಿಲ್ಲ. ಇರುವುದು ಒಂದೇ ಪ್ರತಿ. ಅದನ್ನು ಕೊಟ್ಟರೆ ಕೊಟ್ಟವನ ಬಳಿ ಏನೂ ಇರುವುದಿಲ್ಲ, ಇಟ್ಟುಕೊಂಡರೆ ಎದುರಿಗಿದ್ದವನ ಬಳಿ ಏನೂ ಇರುವುದಿಲ್ಲ. ಹೀಗಾಗಿ ಇಲ್ಲಿ ಪ್ರತಿ ಚಿತ್ರವೂ, ಇದು ಯಾರ ಪಾಲಿಗೆ ಎಂಬ ತೀರ್ಮಾನವನ್ನು ಸ್ಥಳದಲ್ಲೇ ಬೇಡುತ್ತದೆ.

ಈ ಹಿನ್ನೆಲೆಯಲ್ಲಿ 'ಇನ್‌ಸ್ಟಂಟ್ ಲೈಟ್' ಎಂಬ ಪುಸ್ತಕವನ್ನು ನೋಡಬೇಕು. ರಷ್ಯಾದ ಚಲನಚಿತ್ರ ನಿರ್ದೇಶಕ ಆಂದ್ರೇ ತಾರ್ಕೋವ್‌ಸ್ಕಿ 1979ರಿಂದ 1984ರವರೆಗೆ ರಷ್ಯಾ ಮತ್ತು ಇಟಲಿಗಳಲ್ಲಿ ತೆಗೆದ ಅರವತ್ತು ಪೊಲರಾಯ್ಡ್‌ಗಳು ಇದರಲ್ಲಿವೆ. ಹವ್ಯಾಸಿಗಳ ಪಾಲಿಗೆ ಇದೊಂದು ಆರಾಧ್ಯ ಗ್ರಂಥ. ಮ್ಯಾಸ್ನೊಯೆ ಎಂಬ ಹಳ್ಳಿಯ ಮನೆ, ಮಂಜು ಕವಿದ ಬಯಲು, ಹೆಂಡತಿ ಲಾರಿಸಾ, ಮಗ, ಮನೆಯ ನಾಯಿ. ಆಮೇಲೆ ಇಟಲಿಯ ಕಿಟಕಿಗಳು, ಕಲ್ಲಿನ ಗೋಡೆಗಳು, ಓರೆ ಬಿಸಿಲು.

ಈ ಚಿತ್ರಗಳ ಘನತೆ ಬಣ್ಣದ ದೋಷದಿಂದ ಬಂದದ್ದಲ್ಲ. ತಾರ್ಕೋವ್‌ಸ್ಕಿ 1982ರಲ್ಲಿ 'ನಾಸ್ಟಾಲ್ಜಿಯಾ' ಚಿತ್ರಕ್ಕಾಗಿ ಇಟಲಿಗೆ ಹೋದವರು ಮರಳಲಿಲ್ಲ. 1984ರ ಜುಲೈನಲ್ಲಿ ಮಿಲಾನಿನಲ್ಲಿ, ತಾವು ಸೋವಿಯತ್ ದೇಶಕ್ಕೆ ಹಿಂತಿರುಗುವುದಿಲ್ಲವೆಂದು ಘೋಷಿಸಿದರು. ಮಗ ಅಲ್ಲೇ ಉಳಿದಿದ್ದ. ತಂದೆಯ ಬಳಿಗೆ ಬರಲು ಅವನಿಗೆ ಅನುಮತಿ ಸಿಕ್ಕಿದ್ದು 1986ರ ಜನವರಿಯಲ್ಲಿ. ಅದೇ ವರ್ಷದ ಡಿಸೆಂಬರಿನಲ್ಲಿ ತಂದೆ ಪ್ಯಾರಿಸಿನಲ್ಲಿ ತೀರಿಕೊಂಡರು. ಇದನ್ನು ತಿಳಿದು ನೋಡಿದಾಗ ಹಳ್ಳಿಮನೆಯ ಬೆಳಗು ಬರೀ ಬೆಳಗಾಗಿ ಉಳಿಯುವುದಿಲ್ಲ. ಮನೆ ಕೈತಪ್ಪುವ ಮುನ್ನ ಮನೆಯವರನ್ನು ಕಣ್ತುಂಬ ನೋಡಿಕೊಂಡವನ ನೋಟ ಅದು. ಈ ಅರ್ಥದಲ್ಲಿ ಪುಸ್ತಕ ಯಶಸ್ವಿಯಾಗಿದೆ ಎಂಬುದರಲ್ಲಿ ಎರಡು ಮಾತಿಲ್ಲ.

ನಮ್ಮ ತಕರಾರು ಇರುವುದು ಬೇರೆ ಕಡೆ. ಪುಸ್ತಕದ ಮುನ್ನುಡಿಯಲ್ಲಿ ತಾರ್ಕೋವ್‌ಸ್ಕಿಯ ಗೆಳೆಯ, 'ನಾಸ್ಟಾಲ್ಜಿಯಾ'ದ ಸಹಲೇಖಕ ತೊನಿನೊ ಗುಯೆರ್ರಾ ಒಂದು ಪ್ರಸಂಗವನ್ನು ನೆನೆಯುತ್ತಾರೆ. ಇಟಲಿಯ ನಿರ್ದೇಶಕ ಆಂತೊನಿಯೊನಿಗೂ ಆಗ ಪೊಲರಾಯ್ಡ್ ಹುಚ್ಚು. ಕೊನೆಗೂ ತಯಾರಾಗದೆ ಹೋದ ಒಂದು ಚಿತ್ರಕ್ಕಾಗಿ ಸ್ಥಳ ನೋಡಲು ಅವರಿಬ್ಬರೂ ಉಜ್ಬೇಕಿಸ್ತಾನಕ್ಕೆ ಹೋಗಿದ್ದರು. ಅಲ್ಲಿ ಆಂತೊನಿಯೊನಿ ಮೂವರು ಮುಸ್ಲಿಂ ವೃದ್ಧರ ಚಿತ್ರ ತೆಗೆದು ಅವರ ಕೈಗೇ ಕೊಟ್ಟರು. ಮೂವರಲ್ಲಿ ಹಿರಿಯರು ಚಿತ್ರವನ್ನೊಮ್ಮೆ ನೋಡಿ, ಕಾಲವನ್ನು ಯಾಕೆ ತಡೆದು ನಿಲ್ಲಿಸಬೇಕು ಎಂದು ಕೇಳಿ ಹಿಂತಿರುಗಿಸಿಬಿಟ್ಟರಂತೆ.

ಈ ಪ್ರಸಂಗವನ್ನು ಉದ್ಧರಿಸದ ಪೊಲರಾಯ್ಡ್ ಪ್ರೇಮಿ ಅಪರೂಪ. ಎಲ್ಲರೂ ಆ ಪ್ರಶ್ನೆಯನ್ನು ಎತ್ತಿಕೊಂಡು, ಕಾಲ, ನೆನಪು, ನಶ್ವರತೆ ಎಂದು ತತ್ವ ಹೆಣೆಯುತ್ತಾರೆ. ಇನ್ನು ಕೆಲವರಿಗೆ ಅದು ಪೂರ್ವ ದೇಶದ ಮುದುಕರೊಬ್ಬರ ಬಾಯಿಂದ ಬಂದ ಗೂಢವಾಣಿ. ಮುಸ್ಲಿಮರೆಂದ ಮೇಲೆ ಚಿತ್ರ ನಿಷಿದ್ಧವೆಂದೇ ಹಾಗೆ ಮಾಡಿರಬೇಕು ಎಂದು ಊಹಿಸುವವರೂ ಇದ್ದಾರೆ. ಆದರೆ ಹಾಗೆ ಹೇಳಬೇಕೆಂದಿದ್ದರೆ ಅವರು ಕ್ಯಾಮೆರಾದ ಮುಂದಿನಿಂದಲೇ ಎದ್ದು ಹೋಗಬಹುದಿತ್ತು. ಅವರು ಕುಳಿತರು, ಚಿತ್ರವನ್ನು ಕೈಗೆ ತೆಗೆದುಕೊಂಡರು, ನೋಡಿದರು, ಆಮೇಲೆ ಬೇಡವೆಂದರು. ಲೋಕ ಅವರ ಮಾತನ್ನು ಇಟ್ಟುಕೊಂಡಿತು, ಅವರು ಮಾಡಿದ್ದನ್ನು ಮರೆಯಿತು. ಸಾಮಾನ್ಯ ಕ್ಯಾಮೆರಾ ಆಗಿದ್ದರೆ ಅವರ ಮುಖ ಸುರುಳಿಯೊಳಗೆ ಸೇರಿ ರೋಮಿಗೆ ಹೋಗುತ್ತಿತ್ತು. ಬೇಡವೆನ್ನುವ ಅವಕಾಶವೇ ಬರುತ್ತಿರಲಿಲ್ಲ. ಬೇಡವೆನ್ನುವ ಆ ಅಧಿಕಾರವೇ ಈ ಯಂತ್ರ ಬಡವರಿಗೆ ಕೊಡಬಲ್ಲ ದೊಡ್ಡ ಗೌರವ ಎಂದು ನಾವು ಭಾವಿಸುತ್ತೇವೆ.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ಅದೇ ಕಾಲದಲ್ಲಿ ಅದೇ ಕಂಪೆನಿಯ ಫಿಲ್ಮು ದಕ್ಷಿಣ ಆಫ್ರಿಕಾದಲ್ಲಿ ಇನ್ನೊಂದು ಕೆಲಸಕ್ಕೆ ಬಳಕೆಯಾಗುತ್ತಿತ್ತು. ಅಲ್ಲಿನ ಬಿಳಿಯರ ಸರಕಾರ ಕಪ್ಪುಜನರ ಓಡಾಟವನ್ನು ಹತೋಟಿಯಲ್ಲಿಡಲು ಅವರು ಸದಾ ಪಾಸ್ ಪುಸ್ತಕ ಹೊಂದಿರಬೇಕೆಂದು ವಿಧಿಸಿತ್ತು. ಈ ಪಾಸ್ ಕಾನೂನನ್ನು ಪ್ರತಿಭಟಿಸಿದವರ ಮೇಲೆ 1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಗುಂಡು ಹಾರಿಸಿದಾಗ ಸತ್ತವರು 69 ಮಂದಿ. ಆ ಪುಸ್ತಕಕ್ಕೆ ಅಂಟಿಸುವ ಮುಖಗಳನ್ನು ನಿಮಿಷಗಳಲ್ಲಿ ಒದಗಿಸುತ್ತಿದ್ದದ್ದು ಪೊಲರಾಯ್ಡ್. 1970ರಲ್ಲಿ ಕೇಂಬ್ರಿಜ್‌ನ ಪೊಲರಾಯ್ಡ್ ಕಚೇರಿಯಲ್ಲಿ ಕೆಲಸಕ್ಕಿದ್ದ ಕೆರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್ ಎಂಬ ಇಬ್ಬರು ಕಪ್ಪು ನೌಕರರು ಇದನ್ನು ಪತ್ತೆಹಚ್ಚಿ ಚಳವಳಿ ಹೂಡಿದರು. ಹಂಟರ್ ಕೆಲಸ ಕಳೆದುಕೊಂಡರು. ಕಂಪೆನಿ ಮೊದಲು, ಅಲ್ಲಿನ ಕಪ್ಪು ಕೆಲಸಗಾರರ ಸಂಬಳ ಸುಧಾರಿಸುತ್ತೇವೆ ಎಂದು ಸಮಾಧಾನ ಹೇಳಿತು. ಅದರ ಮಾರಾಟಗಾರರು ಗುಟ್ಟಾಗಿ ಸರಕಾರಕ್ಕೇ ಮಾಲು ಕೊಡುತ್ತಿದ್ದಾರೆಂದು ಬಯಲಾದಾಗ, 1977ರಲ್ಲಿ ಆ ದೇಶದ ವ್ಯವಹಾರವನ್ನು ನಿಲ್ಲಿಸಿತು. ಪಾಸ್ ಕಾನೂನು ರದ್ದಾದದ್ದು 1986ರಲ್ಲಿ.

ಈ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಂದು ಉಜ್ಬೇಕ್ ವೃದ್ಧರ ಕೈಯಲ್ಲಿದ್ದದ್ದು, ಇನ್ನೊಂದು ಗಣಿ ಕಾರ್ಮಿಕನ ಜೇಬಿನಲ್ಲಿದ್ದದ್ದು. ಎರಡೂ ಮುಖ ಕೊಟ್ಟವನ ಬಳಿಗೇ ಬಂದವು. ಆದರೆ ಮೊದಲನೆಯದನ್ನು ಹಿಂತಿರುಗಿಸಬಹುದಿತ್ತು. ಎರಡನೆಯದನ್ನು ಮನೆಯಲ್ಲಿ ಮರೆತು ಬಂದರೂ ಜೈಲು.

ಉರ್ದುವಿನಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ಅದು ಇಟ್ಟುಕೊಂಡವನ ಆಸ್ತಿಯಲ್ಲ, ಕೇಳಿದಾಗ ಮರಳಿಸಬೇಕು. ನಮ್ಮ ಸರಕಾರಿ ಕಚೇರಿಗಳ ಕನ್ನಡದಲ್ಲಿ ಅದೇ ಶಬ್ದಕ್ಕೆ ನೌಕರನನ್ನು ಕೆಲಸದಿಂದ ತಡೆದು ಕೂರಿಸುವುದು ಎಂಬ ಅರ್ಥ ಬಂದಿದೆ. ಇನ್ನೊಬ್ಬರ ಮುಖವನ್ನು ಹಿಡಿಯುವ ಯಂತ್ರಕ್ಕೆ ಎರಡೂ ಅರ್ಥಗಳು ಹೊಂದುತ್ತವೆ. ಅದು ಒಪ್ಪಿಸಿದ್ದನ್ನು ಕಾಯಬಲ್ಲದು, ಮನುಷ್ಯನನ್ನು ದಾರಿಯಲ್ಲೇ ತಡೆದು ನಿಲ್ಲಿಸಲೂ ಬಲ್ಲದು.

ಹಳೆಯ ಕ್ಯಾಮೆರಾಗಳನ್ನು ಪ್ರೀತಿಸುವವರು ಪ್ರೀತಿಸಲಿ. 'ಇನ್‌ಸ್ಟಂಟ್ ಲೈಟ್' ಪುಸ್ತಕವನ್ನೂ ನೋಡಲಿ. ತಾರ್ಕೋವ್‌ಸ್ಕಿಯಂತೆ ಮನೆಯನ್ನು ನೋಡಲು ಕಲಿತರೆ ಅದೇನು ಸಣ್ಣ ಲಾಭವಲ್ಲ. ಆದರೆ ಈ ಹವ್ಯಾಸವನ್ನು ಅಳೆಯಲು ನಮಗೆ ತೋಚುವ ಅಳತೆಗೋಲು ಬೇರೆ. ಸಂಗ್ರಹಕಾರನ ಕಪಾಟಿನಲ್ಲಿ ಎಷ್ಟು ಚಿತ್ರಗಳಿವೆ ಎಂದು ನಾವು ಕೇಳುವುದಿಲ್ಲ. ಎಷ್ಟು ಚಿತ್ರಗಳನ್ನು ಅವನು ಅಲ್ಲೇ ಕೊಟ್ಟು ಬರಿಗೈಯಲ್ಲಿ ಮನೆಗೆ ಬಂದಿದ್ದಾನೆ ಎಂದು ಕೇಳುತ್ತೇವೆ.