ಮುಖದಿಂದ ದೀಪ ಎಷ್ಟು ದೂರ?

ವಿ.ಕೆ. ಮೂರ್ತಿಯವರ ಹೆಸರು ಬಂದರೆ ಸಾಕು, ‘ನೆರಳು ಬೆಳಕಿನ ಮಾಂತ್ರಿಕ’ ಎಂಬ ಬಿರುದು ಬೆನ್ನಿಗೇ ಬರುತ್ತದೆ. ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು, ಮುಂಬಯಿಗೆ ಹೋಗಿ ನಿರ್ದೇಶಕ ಗುರುದತ್ತರ ಕ್ಯಾಮೆರಾ ಹಿಡಿದವರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಇಂಥವರನ್ನು ಮಾಂತ್ರಿಕ ಎಂದು ಕರೆದು ಕೈತೊಳೆದುಕೊಳ್ಳುವುದು ಗೌರವದಂತೆ ಕಂಡರೂ ಅದರಲ್ಲಿ ಸೋಮಾರಿತನವೇ ಹೆಚ್ಚು. ಮಂತ್ರವನ್ನು ವಿಮರ್ಶೆ ಮಾಡಲು ಬರುವುದಿಲ್ಲ, ಲೆಕ್ಕವನ್ನು ಮಾಡಬಹುದು. ಮೂರ್ತಿಯವರು ತೆಗೆದ ಮುಖಗಳನ್ನು ನೋಡುವಾಗ ನಾನು ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ಮುಖದಿಂದ ದೀಪ ಎಷ್ಟು ದೂರದಲ್ಲಿತ್ತು?

ಕ್ಷುಲ್ಲಕ ಪ್ರಶ್ನೆ ಅನ್ನಿಸಬಹುದು. ದೀಪ ಹತ್ತಿರ ಬಂದರೆ ಬೆಳಕು ಹೆಚ್ಚು, ದೂರ ಹೋದರೆ ಕಡಿಮೆ, ಅಷ್ಟೇ ತಾನೆ? ಅಷ್ಟೇ ಅಲ್ಲ. ಮುಂಬಯಿಯ ಮುಲುಂಡ್‌ನ ಯಾವುದೋ ಫ್ಲಾಟಿನ ಹಜಾರದಲ್ಲಿ ಒಬ್ಬರನ್ನು ಕುರ್ಚಿಯಲ್ಲಿ ಕೂರಿಸಿದ್ದೀರಿ, ಅವರ ಬೆನ್ನ ಹಿಂದೆ 6 ಅಡಿಗೆ ಬಿಳಿ ಗೋಡೆ ಇದೆ ಎಂದುಕೊಳ್ಳಿ. ದೀಪವನ್ನು ಮುಖದಿಂದ 2 ಅಡಿಗೆ ತಂದರೆ ಗೋಡೆ ದೀಪಕ್ಕೆ 8 ಅಡಿ ದೂರ. ದೂರ ನಾಲ್ಕು ಪಟ್ಟಾದರೆ ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಶಾಲೆಯಲ್ಲಿ ಓದಿದ ವಿಲೋಮ ವರ್ಗ ನಿಯಮ. ಮುಖಕ್ಕೆ ಸರಿಯಾಗುವಂತೆ ಕ್ಯಾಮೆರಾ ಹೊಂದಿಸಿದರೆ ಆ ಬಿಳಿ ಗೋಡೆ ಚಿತ್ರದಲ್ಲಿ ಕಪ್ಪಿಗೆ ತಿರುಗುತ್ತದೆ. ಈಗ ಅದೇ ದೀಪವನ್ನು ಮುಖದಿಂದ 10 ಅಡಿ ದೂರಕ್ಕೆ ಒಯ್ಯಿರಿ. ಗೋಡೆ 16 ಅಡಿ. ಮುಖಕ್ಕೆ ಬಿದ್ದ ಬೆಳಕಿನಲ್ಲಿ ಐದಕ್ಕೆ ಎರಡು ಪಾಲು ಗೋಡೆಗೂ ಸಿಗುತ್ತದೆ. ಗೋಡೆಯ ಮೇಲಿನ ಕ್ಯಾಲೆಂಡರ್, ಸ್ವಿಚ್ ಬೋರ್ಡು, ತೇವದ ಕಲೆ ಎಲ್ಲ ಚಿತ್ರದೊಳಗೆ ಬಂದು ಕೂರುತ್ತವೆ.

ಮುಖದ ಮೇಲೂ ಇದೇ ನಡೆಯುತ್ತದೆ. ಮೂಗಿನ ತುದಿಯಿಂದ ಕಿವಿಯವರೆಗೆ ಸುಮಾರು ಅರ್ಧ ಅಡಿ. ದೀಪ 2 ಅಡಿಯಲ್ಲಿದ್ದರೆ ಕಿವಿಯ ಹತ್ತಿರ ಬೆಳಕು ಮೂರರಲ್ಲಿ ಎರಡು ಪಾಲಿಗಿಂತಲೂ ಕೆಳಗೆ. 10 ಅಡಿಯಲ್ಲಿದ್ದರೆ ಹತ್ತರಲ್ಲಿ ಒಂದು ಪಾಲೂ ಇಳಿಯುವುದಿಲ್ಲ. ಮೊದಲನೆಯದು ಮುಖಕ್ಕೆ ಉಬ್ಬು ತಗ್ಗು ಕೊಡುತ್ತದೆ, ಎರಡನೆಯದು ಚಪ್ಪಟೆ ಮಾಡುತ್ತದೆ. ಇದರ ಜೊತೆಗೆ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ, ಮತ್ತು ಬಹಳ ಮಂದಿ ಎಡವುವುದು ಇಲ್ಲೇ. ದೂರದ ಬೆಳಕು ಮೃದು ಎಂದು ಅವರು ನಂಬಿರುತ್ತಾರೆ. ನಿಜ ಅದರ ತದ್ವಿರುದ್ಧ. ದೀಪ ದೂರ ಹೋದಷ್ಟೂ ಮುಖಕ್ಕೆ ಅದು ಚಿಕ್ಕದಾಗಿ ಕಾಣುತ್ತದೆ, ಚಿಕ್ಕ ದೀಪದ ನೆರಳು ಚೂರಿಯಂತೆ ಹರಿತ. ಸೂರ್ಯನ ಅಡ್ಡಳತೆ ಸುಮಾರು 14 ಲಕ್ಷ ಕಿಲೋಮೀಟರ್. ಆದರೆ 15 ಕೋಟಿ ಕಿಲೋಮೀಟರ್ ಆಚೆಯಿಂದ ನಮಗೆ ಅದು ಅರ್ಧ ಡಿಗ್ರಿಯ ಬಿಲ್ಲೆ. ಅದಕ್ಕೇ ಮೇ ತಿಂಗಳ ಬಾಂದ್ರಾದಲ್ಲಿ ಹುಬ್ಬಿನ ನೆರಳು ಕಣ್ಣನ್ನೇ ನುಂಗಿಬಿಡುತ್ತದೆ, ಜುಲೈಯಲ್ಲಿ ಇಡೀ ಮೋಡವೇ ದೀಪವಾದಾಗ ಅದೇ ಮುಖ ತಿಳಿಯಾಗುತ್ತದೆ. ಹತ್ತಿರದ ದೀಪ ಮೃದು, ಆದರೆ ಬೇಗ ಸೋರಿಹೋಗುತ್ತದೆ; ದೂರದ ದೀಪ ಕಟು, ಆದರೆ ಎಲ್ಲರಿಗೂ ಸಮನಾಗಿ ಸಿಗುತ್ತದೆ. ಎರಡರ ಗುಣವನ್ನೂ ಒಟ್ಟಿಗೆ ಕೇಳುವಂತಿಲ್ಲ.

ಗುರುದತ್ತರ ‘ಪ್ಯಾಸಾ’ದಲ್ಲಿ (1957) ಮೂರ್ತಿ ಈ ಎರಡರಲ್ಲಿ ಮೊದಲನೆಯದನ್ನು ಆರಿಸಿಕೊಂಡರು ಎಂಬುದು ನನ್ನ ಓದು. ಗುರುದತ್ತರಿಗೆ ಕ್ಲೋಸ್‌ಅಪ್‌ಗೆ ಉದ್ದ ಲೆನ್ಸುಗಳೇ ಇಷ್ಟ. ಉದ್ದ ಲೆನ್ಸ್ ಹಾಕಿದರೆ ಕ್ಯಾಮೆರಾ ಹಿಂದೆ ಸರಿಯಬೇಕು. ಚೌಕಟ್ಟಿನಲ್ಲಿ ಮುಖದ ಸುತ್ತ ಜಾಗ ಕಡಿಮೆ. ದೀಪವನ್ನು ಅಂಚಿನವರೆಗೆ ನುಗ್ಗಿಸಿದರೂ ಚಿತ್ರದಲ್ಲಿ ಕಾಣುವುದಿಲ್ಲ. ಆ ಸಿನಿಮಾದ ರಾತ್ರಿಯ ದೃಶ್ಯಗಳಲ್ಲಿ ವಹೀದಾ ರೆಹಮಾನ್‌ರ ಕೆನ್ನೆ ಬೆಳಗಿ, ಕಿವಿಯ ಕಡೆಗೆ ಇಳಿದು, ಹಿಂದಿನ ಕತ್ತಲಿಗೆ ಸೇರಿಕೊಳ್ಳುವ ರೀತಿ ನೋಡಿ. ಬೆಳಕು ಹಾಗೆ ಇಳಿಯಬೇಕಾದರೆ ದೀಪ ಹತ್ತಿರವಿರಬೇಕು, ಇಲ್ಲವೇ ಯಾರೋ ಬೆಳಕು ತಡೆಯುವ ಕಟ್ಟರ್ ಹಿಡಿದು ನಿಂತಿರಬೇಕು. ಅಂದಿನ ಫಿಲ್ಮ್ ನಿಧಾನದ್ದು, ಬೆಳಕು ಹೆಚ್ಚು ಬೇಡುವಂಥದ್ದು. ಅದಕ್ಕೆ ಬೇಕಾದ ದೀಪ ಕಾದ ಬಾಣಲೆಯಂತೆ ಸುಡುವಂಥದ್ದು. ಅದನ್ನು ನಟಿಯ ಮುಖದ ಹತ್ತಿರ ತರುವುದು ಸುಲಭದ ಮಾತಲ್ಲ, ಹಾಗಾಗಿ ಕಟ್ಟರ್‌ಗಳ ಕೆಲಸ ದೊಡ್ಡದಿರಲೇಬೇಕು. ಇದೇ ಚಿತ್ರದ ಕೊನೆಯಲ್ಲಿ, ಸತ್ತನೆಂದುಕೊಂಡ ಕವಿ ಸಭಾಂಗಣದ ಬಾಗಿಲಲ್ಲಿ ಕೈಚಾಚಿ ನಿಲ್ಲುವಾಗ ಮೂರ್ತಿ ದೀಪವನ್ನು ಅವನ ಹಿಂದೆ ಒಯ್ದು ಮುಖವನ್ನೇ ಬಿಟ್ಟುಬಿಡುತ್ತಾರೆ. ನಾಯಕನ ಮುಖ ಕಾಣಲೇಬೇಕು ಎಂಬ ಉದ್ಯಮದಲ್ಲಿ ಅದಕ್ಕೆ ಧೈರ್ಯ ಬೇಕಿತ್ತು.

ಎರಡು ವರ್ಷದ ನಂತರ ‘ಕಾಗಜ್ ಕೆ ಫೂಲ್’ ಬಂತು, ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ. ಚೌಕಟ್ಟು ಎರಡೂ ಪಕ್ಕಕ್ಕೆ ಹಿಗ್ಗಿತು. ಈ ಹಿಗ್ಗುವಿಕೆ ದೀಪಕ್ಕೆ ಏನು ಮಾಡಿತು ಎಂಬುದನ್ನು ಆ ಚಿತ್ರದ ಬಗ್ಗೆ ಬರೆದವರು ಹೆಚ್ಚಾಗಿ ಗಮನಿಸಿದಂತಿಲ್ಲ. ಅಗಲವಾದ ಚೌಕಟ್ಟಿನಲ್ಲಿ ಪಕ್ಕದಿಂದ ದೀಪ ತರಲು ಹೋದರೆ ಸ್ಟ್ಯಾಂಡು ಚಿತ್ರದೊಳಗೆ ಬರುತ್ತದೆ. ದೀಪ ದೂರ ಸರಿಯಬೇಕು. ದೂರ ಸರಿದರೆ ಮುಖ, ಗೋಡೆ, ಹಿಂದಿನ ಏಣಿ ಎಲ್ಲ ಒಂದೇ ಬೆಳಕಿನಲ್ಲಿ ಮಿಂದು ಚಪ್ಪಟೆಯಾಗುತ್ತವೆ. ಸಾಲದ್ದಕ್ಕೆ ಸ್ಕೋಪ್ ಲೆನ್ಸ್ ಬೆಳಕನ್ನು ಹೆಚ್ಚು ಬೇಡುತ್ತದೆ. ‘ಪ್ಯಾಸಾ’ದಲ್ಲಿ ಮೂರ್ತಿ ಕಟ್ಟಿಕೊಂಡಿದ್ದ ಹತ್ತಿರದ ಬೆಳಕಿನ ವ್ಯಾಕರಣವೇ ಇಲ್ಲಿ ಕೈಕೊಡುವಂತಿತ್ತು.

ಅವರು ಮಾಡಿದ್ದೇನು? ದೂರ ಹೋಗುವುದೇ ಆದರೆ ಪೂರ್ತಿ ಹೋಗಿಬಿಡೋಣ ಎಂಬಂತೆ ದೀಪವನ್ನು 15 ಕೋಟಿ ಕಿಲೋಮೀಟರ್ ಆಚೆಗೆ ಒಯ್ದರು. ಬಾಂದ್ರಾದ ಮೆಹಬೂಬ್ ಸ್ಟುಡಿಯೊ. ‘ವಕ್ತ್ ನೆ ಕಿಯಾ’ ಹಾಡು. ಗೀತಾ ದತ್ ಕಂಠ, ಎಸ್.ಡಿ. ಬರ್ಮನ್ ಸಂಗೀತ. ಹೊರಗೆ ಬಿಸಿಲಿನಲ್ಲಿ ಒಂದು ದೊಡ್ಡ ಕನ್ನಡಿ, ಒಳಗೆ ಎತ್ತರದಲ್ಲಿ ಇನ್ನೊಂದು. ಹೊರಗಿನದು ಸೂರ್ಯನನ್ನು ಹಿಡಿದು ಒಳಗಿನದಕ್ಕೆ ಕೊಟ್ಟಿತು, ಒಳಗಿನದು ಅದನ್ನು ಸ್ಟುಡಿಯೊದ ನೆಲಕ್ಕೆ ಇಳಿಸಿತು. ಹೊಗೆಯಲ್ಲಿ ಆ ಬಿಸಿಲುಕೋಲು ಕಂಬದಂತೆ ಕಂಡಿತು. ಉಮಾ ರಾವ್ ಬರೆದ ಮೂರ್ತಿಯವರ ಜೀವನಕಥನಕ್ಕೆ ‘ಬಿಸಿಲು ಕೋಲು’ ಎಂದೇ ಹೆಸರು.

ಕತೆ ಎಲ್ಲರಿಗೂ ಗೊತ್ತು. ಆದರೆ ಸ್ಟುಡಿಯೊದಲ್ಲಿ ಆರ್ಕ್ ದೀಪಗಳಿದ್ದೂ ಸೂರ್ಯನೇ ಯಾಕೆ ಬೇಕಾಯಿತು? ಉತ್ತರ ದೂರದಲ್ಲೇ ಇದೆ. 10 ಅಡಿ ಎತ್ತರದಲ್ಲಿ ಬರಿ ದೀಪವೊಂದನ್ನು ಕಟ್ಟಿದರೆ ಅದರ ಕೆಳಗೆ ನಿಂತ 5 ಅಡಿ ಎತ್ತರದವರ ನೆತ್ತಿಗೆ ಬಿದ್ದ ಬೆಳಕಿನ ಕಾಲು ಪಾಲು ಮಾತ್ರ ಪಾದಕ್ಕೆ ಸಿಗುತ್ತದೆ. ಲೆನ್ಸಿನ ಸ್ಪಾಟ್‌ಲೈಟ್ ಈ ಇಳಿತವನ್ನು ತಗ್ಗಿಸೀತು, ಇಲ್ಲವಾಗಿಸದು. ಅದರ ಕೋಲೂ ಕೆಳಗಿಳಿದಂತೆ ಹರಡಿ ಬಡವಾಗುತ್ತದೆ. ಕನ್ನಡಿಯಿಂದ ಬಂದ ಬಿಸಿಲು ಹಾಗಲ್ಲ. ಕನ್ನಡಿ ದೀಪವಾಗುವುದಿಲ್ಲ, ಅದು ಸೂರ್ಯನನ್ನು ಅವನ ದೂರದ ಸಮೇತ ಒಳಗೆ ಕರೆದುಕೊಳ್ಳುತ್ತದೆ. ಅಷ್ಟು ದೂರದ ಮುಂದೆ ಸ್ಟುಡಿಯೊದ 30 ಅಡಿ ಲೆಕ್ಕಕ್ಕೇ ಬಾರದು. ಆ 30 ಅಡಿ ಸಾಗಿದರೂ ಕೋಲು ಅಗಲವಾಗುವುದು ಮೂರು, ಮೂರೂವರೆ ಅಂಗುಲ. ಮೇಲೆ ಎಷ್ಟು ಕಸುವೋ ನೆಲದ ಹತ್ತಿರವೂ ಹೆಚ್ಚುಕಡಿಮೆ ಅಷ್ಟೇ. ಹಾಡಿನಲ್ಲಿ ನಾಯಕ ನಾಯಕಿಯರ ಛಾಯೆಗಳು ದೇಹ ಬಿಟ್ಟು ಎದ್ದು ಬಂದು ಆ ಬೆಳಕಿನಲ್ಲಿ ಸೇರುತ್ತವೆ. ನಡೆದುಬರುವ ಮನುಷ್ಯರು ಒಂದು ಹೆಜ್ಜೆಗೆ ಹೊಳೆದು ಇನ್ನೊಂದಕ್ಕೆ ಮಂಕಾಗಿದ್ದರೆ ಆ ಸೇರುವಿಕೆ ನಂಬುವಂತಿರುತ್ತಿರಲಿಲ್ಲ.

ಇದಕ್ಕೆ ಬೆಲೆ ತೆರಬೇಕು. ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. 30 ಅಡಿ ಆಚೆ ಅದು ಅರ್ಧ ಅಡಿಯ ಜಾರಿಕೆ. ಹೊರಗೆ ಕನ್ನಡಿಯ ಬಳಿ ನಿಂತವರು ಅದನ್ನು ತಿರುಗಿಸುತ್ತಲೇ ಇರಬೇಕು, ಮೋಡ ಬಂದರೆ ಎಲ್ಲರೂ ಕಾಯಬೇಕು. ತೆರೆಯ ಮೇಲೆ ಹೆಸರು ಕಾಣದ ಆ ಲೈಟ್‌ಬಾಯ್‌ಗಳ ಪಾಲು ಈ ಹಾಡಿನಲ್ಲಿ ಸಣ್ಣದಲ್ಲ.

ಛಾಯಾಗ್ರಾಹಕ ಸುಬ್ರತ ಮಿತ್ರರ ಕೆಲಸವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಮೂರು ವರ್ಷ ಮೊದಲು, ಸತ್ಯಜಿತ್ ರಾಯರ ‘ಅಪರಾಜಿತೊ’ಗೆ ಕಲ್ಕತ್ತೆಯ ಸ್ಟುಡಿಯೊದೊಳಗೆ ಕಾಶಿಯ ಮನೆಯ ಅಂಗಳ ಹಾಕಿದ್ದರು. ಆಕಾಶದ ಬೆಳಕು ಬೇಕಿತ್ತು. ಮಿತ್ರ ಮೇಲೆ ಬಿಳಿ ಬಟ್ಟೆ ಹರಡಿ, ದೀಪಗಳನ್ನು ಅದಕ್ಕೆ ಹೊಡೆಸಿ, ಬಟ್ಟೆಯಿಂದ ಇಳಿದ ಬೆಳಕಿನಲ್ಲಿ ಚಿತ್ರ ತೆಗೆದರು. ಮಿತ್ರರ ದಾರಿ ದೀಪವನ್ನು ಅಗಲ ಮಾಡಿ ಹತ್ತಿರ ತರುವುದು, ಈ ಹಾಡಿನಲ್ಲಿ ಮೂರ್ತಿಯವರದು ಅದನ್ನು ಕಿರಿದು ಮಾಡಿ ದೂರ ಅಟ್ಟುವುದು. ನಂತರದ ಛಾಯಾಗ್ರಾಹಕರು ಹೆಚ್ಚಾಗಿ ಹಿಡಿದದ್ದು ಮಿತ್ರರ ದಾರಿಯನ್ನು. ಮುಖಗಳಿಗೆ ಸಂಬಂಧಿಸಿದಂತೆ ಅದೇ ಸರಿಯಾದ ದಾರಿ ಎಂದು ಒಪ್ಪಲು ನನಗೇನೂ ಸಂಕೋಚವಿಲ್ಲ.

ಯಾಕೆಂದರೆ ‘ವಕ್ತ್ ನೆ ಕಿಯಾ’ದ ದೌರ್ಬಲ್ಯ ಇರುವುದು ಮುಖಗಳಲ್ಲೇ. ದೂರದ ಚಿತ್ರಿಕೆಯಲ್ಲಿ ಬಿಸಿಲುಕೋಲು ಆಳುತ್ತದೆ. ಕ್ಯಾಮೆರಾ ಮುಖಕ್ಕೆ ಬಂದ ಕೂಡಲೇ ಬೆಳಕು ಬದಲಾಗುತ್ತದೆ: ಕಣ್ಣಿನ ಕೆಳಗೆ ನೆರಳಿಲ್ಲದ, ನಾಯಕಿಯ ಮುಖಕ್ಕೆ ಸ್ಟುಡಿಯೊ ಕೊಡುತ್ತಿದ್ದ ಮಾಮೂಲು ಬೆಳಕು. ನೆತ್ತಿಯ ಮೇಲಿಂದ ಬೀಳುವ ಬಿಸಿಲು ಮುಖಕ್ಕೆ ಕ್ರೂರ. ವಹೀದಾರನ್ನು ಅದರಲ್ಲಿ ನಿಲ್ಲಿಸಿ ಹತ್ತಿರದಿಂದ ತೆಗೆಯಲು ಆಗ ಯಾರೂ ಒಪ್ಪುತ್ತಿರಲಿಲ್ಲ. ಕಾರಣ ಅರ್ಥವಾಗುತ್ತದೆ. ಆದರೂ ಒಂದೇ ಹಾಡಿನಲ್ಲಿ ಜಾಗಕ್ಕೆ ಒಂದು ಸೂರ್ಯ, ಮುಖಕ್ಕೆ ಇನ್ನೊಂದು ದೀಪ ಎಂಬ ಒಡಕು ಉಳಿದೇಬಿಡುತ್ತದೆ. ಆ ಹಾಡು ಜಾಗದ ಭಾವಚಿತ್ರ, ಮನುಷ್ಯರದ್ದಲ್ಲ. ಚಿತ್ರ ಗಲ್ಲಾಪೆಟ್ಟಿಗೆಯಲ್ಲಿ ಸೋತಿತು, ಗುರುದತ್ ಮತ್ತೆ ನಿರ್ದೇಶಕನಾಗಿ ಹೆಸರು ಹಾಕಿಕೊಳ್ಳಲಿಲ್ಲ. ಮೂರ್ತಿಯವರಿಗೆ ಫಿಲ್ಮ್‌ಫೇರ್ ಪ್ರಶಸ್ತಿ ಬಂತು.

ನನ್ನ ಮಟ್ಟಿಗೆ ಅವರ ನಿಜವಾದ ಗೆಲುವು ‘ಸಾಹಿಬ್ ಬೀಬಿ ಔರ್ ಗುಲಾಮ್’ (1962). ಚೌಕಟ್ಟು ಮತ್ತೆ ಕಿರಿದಾಯಿತು, ದೀಪ ಮತ್ತೆ ಹತ್ತಿರ ಬಂತು. ಛೋಟಿ ಬಹು ಮೊದಲು ಕಾಣಿಸುವಾಗ ಕ್ಯಾಮೆರಾ ಮೀನಾ ಕುಮಾರಿಯವರ ಮುಖಕ್ಕೆ ಸರಸರನೆ ಸಾಗುತ್ತದೆ; ಬೆಳಕು ಆ ಮುಖವನ್ನು ಬಿಟ್ಟು ಬೇರೆ ಯಾವುದನ್ನೂ ಅಷ್ಟು ಪ್ರೀತಿಯಿಂದ ಮುಟ್ಟಿಲ್ಲ. ‘ಸಾಕಿಯಾ’ ಹಾಡಿನಲ್ಲಿ ಮೀನೂ ಮುಮ್ತಾಜ್ ಬೆಳಕಿನಲ್ಲಿ, ಸುತ್ತಲಿನ ನರ್ತಕಿಯರು ಹಾಡಿನುದ್ದಕ್ಕೂ ಕತ್ತಲೆಯಲ್ಲಿ. ಒಂದೆರಡು ಮೊಳದ ಅಂತರದಲ್ಲಿ ಕುಣಿಯುವವರನ್ನು ಹೀಗೆ ಬೇರ್ಪಡಿಸಲು ದೂರದ ಲೆಕ್ಕ ಒಂದೇ ಸಾಲದು. ಬೆಳಕನ್ನು ಕತ್ತರಿಸಬೇಕು, ಕೋನ ಹುಡುಕಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಕುಣಿಯುವವರು ಗೆರೆ ದಾಟಬಾರದು.

ಸಿನಿಮಾದಾಚೆಗೂ ಆಗಿನ ಮುಂಬಯಿ ಈ ದೂರದ ವಿದ್ಯೆಯನ್ನು ಬಲ್ಲದಾಗಿತ್ತು. ದಾದರ್‌ನ ಇಂಡಿಯಾ ಫೋಟೊ ಸ್ಟುಡಿಯೊದಲ್ಲಿ ಜೆ.ಎಚ್. ಠಕ್ಕರ್ ತೆಗೆದ ತಾರೆಯರ ಭಾವಚಿತ್ರಗಳಲ್ಲಿ ಮುಖಕ್ಕೊಂದು, ಕೂದಲಿಗೊಂದು, ಹಿನ್ನೆಲೆಗೊಂದು ಎಂಬಂತೆ ಬೆಳಕು ಹಂಚಿಹೋಗಿರುತ್ತದೆ. ಸ್ಥಿರಚಿತ್ರಕ್ಕೆ ಆ ಅನುಕೂಲವಿದೆ: ಕೂತವರು ಅಲುಗಾಡುವುದಿಲ್ಲ, ಅಂಗುಲ ಅಂಗುಲವಾಗಿ ದೀಪ ಸರಿಸಬಹುದು. ನಡೆದಾಡುವ ನಟರ ಜೊತೆ ಮೂರ್ತಿಯವರಿಗೆ ಆ ಸೌಕರ್ಯವಿರಲಿಲ್ಲ.

ಬಣ್ಣ ಬಂದ ಮೇಲಿನ ಮೂರ್ತಿಯವರ ಬಗ್ಗೆ ಅಭಿಮಾನಿಗಳು ಮೌನ ವಹಿಸುತ್ತಾರೆ. ಪ್ರಮೋದ್ ಚಕ್ರವರ್ತಿಯವರ ‘ಲವ್ ಇನ್ ಟೋಕಿಯೊ’ (1966), ‘ಜುಗ್ನು’ (1973) ಮುಂತಾದವಕ್ಕೆ ಕ್ಯಾಮೆರಾ ಹಿಡಿದವರೂ ಇವರೇ. ಅಲ್ಲಿ ಎಲ್ಲ ಮೂಲೆಗೂ ಬೆಳಕು, ಎಲ್ಲ ಮುಖಕ್ಕೂ ಸಮಪಾಲು. ಕಲರ್ ಫಿಲ್ಮಿಗೆ ಬೆಳಕು ಹೆಚ್ಚು ಬೇಕು, ನಿರ್ಮಾಪಕರಿಗೆ ಸೆಟ್ಟಿನ ಖರ್ಚು ಕಾಣಬೇಕು. ದೀಪಗಳು ದೂರ ನಿಂತವು, ಮುಖಗಳು ಚಪ್ಪಟೆಯಾದವು. ಕೈ ಅದೇ, ಕಣ್ಣೂ ಅದೇ. ಆದರೆ ದೀಪ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವ ಹಕ್ಕು ಮಾರುಕಟ್ಟೆಯ ಕಡೆಗೆ ಸರಿದಿತ್ತು.

ಈಗ ಆ ಹಕ್ಕು ಅಗ್ಗವಾಗಿ ಎಲ್ಲರ ಕೈಗೂ ಬಂದಿದೆ. ವರ್ಸೋವಾದ ಆರಾಮ್ ನಗರದಲ್ಲಿ ಆಡಿಷನ್‌ಗೆ ಬರುವ ಹುಡುಗ ಹುಡುಗಿಯರ ಚೀಲದಲ್ಲೇ ಎಲ್‌ಇಡಿ ಇರುತ್ತದೆ, ಸುಡುವುದಿಲ್ಲ, ಮುಖಕ್ಕೆ ಅಂಟಿಸಿದಷ್ಟು ಹತ್ತಿರ ತರಬಹುದು. ಹೆಚ್ಚಿನವರು ಮಾಡುವುದು ಉಂಗುರ ದೀಪವನ್ನು ಮೂಗಿನ ನೇರಕ್ಕೆ ಇಟ್ಟು, ತಾವು ಗೋಡೆಗೆ ಬೆನ್ನು ತಾಗಿಸಿ ನಿಲ್ಲುವುದು. ಹತ್ತಿರ ತಂದ ಲಾಭವನ್ನು ಎದುರಿನ ದಿಕ್ಕು ತಿಂದುಹಾಕುತ್ತದೆ, ಉಳಿದದ್ದನ್ನು ಗೋಡೆ ತಿನ್ನುತ್ತದೆ. ಅದೇ ದೀಪವನ್ನು 2 ಅಡಿ ಪಕ್ಕಕ್ಕೆ, ಕಣ್ಣಿಗಿಂತ ತುಸು ಮೇಲಕ್ಕೆ ಸರಿಸಿ, ಗೋಡೆಯಿಂದ ನಾಲ್ಕು ಹೆಜ್ಜೆ ಮುಂದೆ ಬಂದು ನಿಂತರೆ ಹಿಂದಿನ ಗೋಡೆ ತಾನಾಗಿಯೇ ಕತ್ತಲಾಗುತ್ತದೆ. ಅದಕ್ಕೆ ಹೊಸ ಉಪಕರಣವೇನೂ ಬೇಡ, ನಾಲ್ಕು ಹೆಜ್ಜೆಯಷ್ಟು ಜಾಗ ಬೇಕು; ಮುಂಬಯಿಯ ಬಾಡಿಗೆ ಕೋಣೆಯಲ್ಲಿ ದೀಪಕ್ಕಿಂತ ದುಬಾರಿ ಅದೇ.