ಮುಳುಗುವ ನೀರು, ಸುರಿಯುವ ನೀರು: ಬ್ಯಾಪ್ಟಿಸ್ಟ್ ಸಂಪ್ರದಾಯದ ಒಂದು ಪರಾಮರ್ಶೆ

1644ರಲ್ಲಿ ಲಂಡನ್ ನಗರದ ಏಳು ಸಭೆಗಳು, ರಾಜ್ಯದ ಮನ್ನಣೆಯಾಗಲಿ ಧರ್ಮಪೀಠಗಳ ಬೆಂಬಲವಾಗಲಿ ಇಲ್ಲದ ಸ್ಥಿತಿಯಲ್ಲಿ, ತಮ್ಮ ವಿಶ್ವಾಸಪ್ರಮಾಣವನ್ನು ಅಚ್ಚುಹಾಕಿಸಿ, ದೀಕ್ಷಾಸ್ನಾನವನ್ನು ತಮ್ಮ ನಂಬಿಕೆಯನ್ನು ಸ್ವತಃ ಒಪ್ಪಿ ಹೇಳಿದವರಿಗೆ ಮಾತ್ರವೇ ಕೊಡತಕ್ಕುದೆಂದೂ, ಇಡೀ ದೇಹವನ್ನು ನೀರಿನಲ್ಲಿ ಮುಳುಗಿಸುವುದೇ ಅದರ ಸರಿಯಾದ ಕ್ರಮವೆಂದೂ ಸಾರಿದುವು. ಮುಂದೆ ಬ್ಯಾಪ್ಟಿಸ್ಟರೆಂದು ಪ್ರಸಿದ್ಧರಾದ ಈ ಜನರ ವಾದವನ್ನು ಬರಿಯ ಆಚಾರನಿಷ್ಠೆಯೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಚಿಹ್ನೆಯು ತಾನು ಸೂಚಿಸುವ ವಸ್ತುವಿಗೆ ಅನುರೂಪವಾಗಿರಬೇಕೆಂಬ ಗಂಭೀರ ತತ್ತ್ವವೊಂದು ಅದರ ತಳದಲ್ಲಿದೆ. ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಪೌಲನು ದೀಕ್ಷಾಸ್ನಾನವನ್ನು ಕ್ರಿಸ್ತನೊಡನೆ ಹೂಣಲ್ಪಡುವುದಕ್ಕೂ ಆತನೊಡನೆ ಹೊಸ ಜೀವಕ್ಕೆ ಏಳುವುದಕ್ಕೂ ಸಂಬಂಧಿಸಿ ಹೇಳುತ್ತಾನೆ. ನೀರಿನೊಳಗೆ ಮರೆಯಾಗಿ ಮರಳಿ ಮೇಲೆದ್ದವನ ದೇಹವೇ ಆ ಉಪದೇಶಕ್ಕೆ ವ್ಯಾಖ್ಯಾನವಾಗುತ್ತದೆ. ಹಣೆಯ ಮೇಲಿನ ನಾಲ್ಕು ಹನಿ ಹಾಗಾಗಲಾರದು. ಇಂಗ್ಲೆಂಡಿನ ಅಧಿಕೃತ ಕ್ರೈಸ್ತಸಭೆಯ ಪ್ರಾರ್ಥನಾಪುಸ್ತಕವೂ ಶಿಶುವನ್ನು ಮುಳುಗಿಸಬೇಕೆಂದೇ ವಿಧಿಸಿ, ದುರ್ಬಲವಾದ ಕೂಸಿಗೆ ಮಾತ್ರ ನೀರು ಸುರಿದರೆ ಸಾಕೆಂದು ವಿನಾಯಿತಿ ಕೊಟ್ಟಿದ್ದಿತು. ವಿನಾಯಿತಿಯೇ ರೂಢಿಯಾಗಿ ವಿಧಿಯು ಮರೆತುಹೋಗಿದ್ದ ಕಾಲದಲ್ಲಿ, ತಣ್ಣೀರಿನ ಮುಳುಗು ಪ್ರಾಣಕ್ಕೆ ಅಪಾಯವೆಂದು ರಿಚರ್ಡ್ ಬ್ಯಾಕ್ಸ್ಟರನಂಥ ಸಾಧುಪುರುಷನೂ ಖಂಡಿಸುತ್ತಿರಲಾಗಿ, ಆ ಚಿಹ್ನೆಯ ಪೂರ್ಣತೆಯನ್ನು ಉಳಿಸಿದ ಕೀರ್ತಿ ಪಶ್ಚಿಮದಲ್ಲಿ ಈ ಸಣ್ಣ ಸಭೆಗಳದೇ.

ಇಷ್ಟನ್ನು ಮನಃಪೂರ್ವಕವಾಗಿ ಒಪ್ಪಿದ ಮೇಲೆ, ಮುಳುಗಿಸದೆ ಕೊಟ್ಟದ್ದು ದೀಕ್ಷಾಸ್ನಾನವೇ ಅಲ್ಲವೆಂಬ ಅವರ ಮುಂದಿನ ಹೆಜ್ಜೆಯನ್ನು ಪರೀಕ್ಷಿಸಬೇಕಾಗುತ್ತದೆ. 1644ರ ಮಂದಿಗೆ ದೊರೆಯದಿದ್ದ ಸಾಕ್ಷ್ಯವೊಂದು ನಮಗೆ ದೊರೆತಿದೆ. ಹನ್ನೆರಡು ಮಂದಿ ಅಪೊಸ್ತಲರ ಉಪದೇಶವೆಂಬ ಪುಟ್ಟ ಗ್ರಂಥವನ್ನು ಬ್ರಿಯೆನ್ನಿಯೊಸ್ ಎಂಬ ಗ್ರೀಕ್ ಧರ್ಮಾಧ್ಯಕ್ಷನು ಕಾನ್‌ಸ್ಟಾಂಟಿನೋಪಲ್ಲಿನಲ್ಲಿ ಕಂಡುಹಿಡಿದು 1883ರಲ್ಲಿ ಪ್ರಕಟಿಸಿದನು. ಅಪೊಸ್ತಲರ ಕಾಲಕ್ಕೆ ಬಹಳ ಸಮೀಪದ್ದೆಂದು ವಿದ್ವಾಂಸರು ಎಣಿಸುವ ಆ ಗ್ರಂಥವು, ಹರಿಯುವ ನೀರಿನಲ್ಲಿ ದೀಕ್ಷಾಸ್ನಾನ ಕೊಡಬೇಕೆಂದೂ, ಅದಿಲ್ಲದಿದ್ದರೆ ಬೇರೆ ನೀರಾಗಬಹುದೆಂದೂ, ತಣ್ಣೀರಾಗದಿದ್ದರೆ ಬಿಸಿನೀರೂ ಸಲ್ಲುವುದೆಂದೂ, ಎರಡೂ ಇಲ್ಲವಾದರೆ ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ತಲೆಯ ಮೇಲೆ ಮೂರು ಸಾರಿ ನೀರು ಸುರಿಯಬೇಕೆಂದೂ ಹೇಳುತ್ತದೆ. ಈ ವಿಧಿಯ ವಿವೇಕವನ್ನು ನಾನು ಎಷ್ಟು ಮೆಚ್ಚಿದರೂ ಸಾಲದು. ಉತ್ತಮವಾದುದನ್ನು ಮೊದಲು ಇಟ್ಟು, ಅದು ದೊರೆಯದವನನ್ನು ಹೊರಗೆ ನಿಲ್ಲಿಸದೆ, ಸುರಿದ ನೀರನ್ನೂ ಅದೇ ನಾಮದಿಂದ ಸಾರ್ಥಕಗೊಳಿಸಿದೆ. ಮೂರನೆಯ ಶತಮಾನದಲ್ಲಿ ಕಾರ್ಥೇಜಿನ ಸಿಪ್ರಿಯನನು, ರೋಗಶಯ್ಯೆಯಲ್ಲಿ ನೀರು ತಳಿಸಿಕೊಂಡವರ ದೀಕ್ಷೆಯನ್ನು ಊನವೆಂದು ಎಣಿಸಬಾರದೆಂದು ತೀರ್ಪಿತ್ತದ್ದೂ ಈ ಜಾಡಿನಲ್ಲಿಯೇ.

ಇದಕ್ಕಿಂತಲೂ ಹೆಚ್ಚಾಗಿ, ಈ ಸಂಪ್ರದಾಯವು ತನ್ನ ಪೂರ್ವಿಕರ ಚರಿತ್ರೆಯನ್ನು ಗಮನವಿಟ್ಟು ಓದಬೇಕಾಗಿದೆ. 1525ರ ಜನವರಿಯಲ್ಲಿ ಜ್ಯೂರಿಕ್ ಪಟ್ಟಣದ ಮನೆಯೊಂದರಲ್ಲಿ ಕಾನ್ರಾಡ್ ಗ್ರೇಬೆಲನು ಜಾರ್ಜ್ ಬ್ಲೌರಾಕನಿಗೆ ವಿಶ್ವಾಸಿಯ ದೀಕ್ಷೆಯನ್ನು ಕೊಟ್ಟಾಗ ಅಲ್ಲಿ ಹೊಳೆಯಿರಲಿಲ್ಲ, ಕೊಳವಿರಲಿಲ್ಲ. ತಲೆಯ ಮೇಲೆ ನೀರು ಸುರಿಯಲಾಯಿತು. ಅದೇ ಗುಂಪಿನ ಫೆಲಿಕ್ಸ್ ಮಾಂಟ್ಸನನ್ನು 1527ರಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. ಇಂಗ್ಲಿಷ್ ಬ್ಯಾಪ್ಟಿಸ್ಟರ ಮೂಲಪುರುಷನಾದ ಜಾನ್ ಸ್ಮಿತ್ 1609ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತನಗೆ ತಾನೇ ದೀಕ್ಷೆ ಕೊಟ್ಟುಕೊಂಡದ್ದೂ ನೀರು ಸುರಿದುಕೊಂಡೇ ಎಂದು ಚರಿತ್ರಕಾರರು ನಂಬುತ್ತಾರೆ. ಮುಳುಗಿಸುವ ಕ್ರಮವು ಇಂಗ್ಲಿಷ್ ಸಭೆಗಳಲ್ಲಿ ನೆಲೆಗೊಂಡದ್ದು 1640ರ ತರುವಾಯ. ಹಾಗಾದರೆ ಇವರು ಪ್ರಾಣವನ್ನೂ ದೇಶವನ್ನೂ ತೊರೆದದ್ದು ಯಾವುದಕ್ಕಾಗಿ? ಅರಿತು ಒಪ್ಪಿದ ಅಂತಃಕರಣಕ್ಕಾಗಿ. ಯಾವ ರಾಜಶಾಸನವೂ ತೊಟ್ಟಿಲಿನ ಕೂಸನ್ನು ಕ್ರೈಸ್ತನನ್ನಾಗಿ ಮಾಡಲಾರದೆಂಬ ನಿಶ್ಚಯಕ್ಕಾಗಿ. ಪೂರ್ವದೇಶದ ಆರ್ಥೊಡಾಕ್ಸ್ ಸಭೆಗಳು ಎಳೆಯ ಶಿಶುಗಳನ್ನೇ ಮೂರು ಸಾರಿ ಪೂರ್ಣವಾಗಿ ಮುಳುಗಿಸುತ್ತಾ ಬಂದಿರುವುದನ್ನು ನೋಡಿದರೆ, ನೀರಿನ ಆಳವೂ ಒಪ್ಪಿಗೆಯೂ ಎರಡು ಬೇರೆ ಪ್ರಶ್ನೆಗಳೆಂಬುದು ಸ್ಪಷ್ಟವಾಗುತ್ತದೆ.

ಈ ವಿವೇಕವನ್ನು ಆ ಸಂಪ್ರದಾಯದೊಳಗಿನಿಂದಲೇ ಆಡಿದವನು ಜಾನ್ ಬನ್ಯನ್. ಕನ್ನಡಿಗರಿಗೆ ‘ಯಾತ್ರಿಕನ ಸಂಚಾರ’ದ ಮೂಲಕ ಪರಿಚಿತನಾದ ಆ ಬೆಡ್‌ಫರ್ಡಿನ ಬೋಧಕನು, ನೀರಿನ ದೀಕ್ಷೆಯನ್ನು ಕುರಿತ ಅಭಿಪ್ರಾಯಭೇದವು ಕರ್ತನ ಭೋಜನಕ್ಕೆ ಅಡ್ಡಿಯಾಗಕೂಡದೆಂದು 1673ರಲ್ಲಿ ಬರೆದು, ವಿಲಿಯಂ ಕಿಫಿನ್ ಮೊದಲಾದ ಸ್ವಮತೀಯರ ವಿರೋಧವನ್ನು ಕಟ್ಟಿಕೊಂಡನು. ಕಿಫಿನ್ನನ ವಾದ ತರ್ಕಶುದ್ಧವಾದುದು: ದೀಕ್ಷೆಯಿಲ್ಲದವನಿಗೆ ಭೋಜನವಿಲ್ಲ, ಮುಳುಗದವನಿಗೆ ದೀಕ್ಷೆಯಿಲ್ಲ. ಆದರೆ ಇಂಥ ತರ್ಕದ ತುದಿಯಲ್ಲಿ, ಕ್ರಿಸ್ತನು ಅಂಗೀಕರಿಸಿದನೆಂದು ತಾವೇ ಒಪ್ಪುವ ಸಹೋದರನನ್ನು ಕ್ರಿಸ್ತನ ಪಂಕ್ತಿಯಿಂದ ಎಬ್ಬಿಸಬೇಕಾಗುತ್ತದೆ. ನಾನು ಬನ್ಯನ್ನನ ಪಕ್ಷದವನು.

ನಮ್ಮ ದೇಶದಲ್ಲಿ ಈ ಪದ್ಧತಿಯು ತನ್ನ ಅತ್ಯಂತ ಉಜ್ವಲವಾದ ರೂಪದಲ್ಲಿ ಕಾಣಿಸಿಕೊಂಡದ್ದು ಬಂಗಾಳದ ಶ್ರೀರಾಮಪುರದಲ್ಲಿ. ಮುಂದೆ 1817ರಲ್ಲಿ ಕನ್ನಡಕ್ಕೊಂದು ವ್ಯಾಕರಣವನ್ನು ಪ್ರಕಟಿಸಿದ ವಿಲಿಯಂ ಕೇರಿಯೇ, 1800ರ ಡಿಸೆಂಬರ್ 28ರಂದು ಕೃಷ್ಣ ಪಾಲ್ ಎಂಬ ಬಡಗಿಯನ್ನೂ ತನ್ನ ಮಗ ಫೆಲಿಕ್ಸನನ್ನೂ ಹೂಗ್ಲಿ ನದಿಯಲ್ಲಿ ಮುಳುಗಿಸಿ ದೀಕ್ಷೆಯಿತ್ತನು. ದಡದಲ್ಲಿ ನೆರೆದಿದ್ದ ಜನಕ್ಕೆ ಅದು ಗಂಗಾಜಲ. ಈ ನದಿಯಲ್ಲಿ ದೈವತ್ವವಿದೆಯೆಂದು ತಾವು ನಂಬುವುದಿಲ್ಲ, ಇದು ನೀರು ಮಾತ್ರವೆಂದು ಕೇರಿಯು ಬಂಗಾಳಿಯಲ್ಲಿ ಅವರಿಗೆ ಮೊದಲೇ ತಿಳಿಸಿದನು. ಮುಳುಗಿಸುವುದನ್ನು ಬಿಡದ ಆ ಮನುಷ್ಯನು ನೀರಿಗೆ ತನ್ನಷ್ಟಕ್ಕೆ ಶಕ್ತಿಯಿಲ್ಲವೆಂದು ಸಾರಿದ ಆ ಗಳಿಗೆಯಲ್ಲಿ ಈ ಸಂಪ್ರದಾಯದ ಶ್ರೇಷ್ಠಾಂಶವೆಲ್ಲವೂ ಅಡಗಿದೆ; ಅದೇ ಮಾತನ್ನು ಅವನ ಅನುಯಾಯಿಗಳು ನೀರಿನ ಪ್ರಮಾಣಕ್ಕೂ ಅನ್ವಯಿಸಿದ್ದರೆ ಎಷ್ಟೋ ಕಹಿ ತಪ್ಪುತ್ತಿದ್ದಿತು.

1970ರಲ್ಲಿ ನಾಗಪುರದಲ್ಲಿ ಉತ್ತರ ಭಾರತದ ಸಭೆಯು ಕೂಡಿಬಂದಾಗ, ಅದರಲ್ಲಿ ಸೇರಿದ ಬ್ಯಾಪ್ಟಿಸ್ಟರು ಶಿಶುದೀಕ್ಷೆಗೂ ವಿಶ್ವಾಸಿಯ ದೀಕ್ಷೆಗೂ ಒಂದೇ ಮನೆಯಲ್ಲಿ ಸ್ಥಳವುಂಟೆಂದು ಒಪ್ಪಿದರು. ಆದರೆ ಕರ್ಣಾಟಕದಲ್ಲಿ ಇಂದಿಗೂ ದಕ್ಷಿಣ ಭಾರತ ಸಭೆಯಿಂದಲೋ ಕಥೋಲಿಕ ಸಭೆಯಿಂದಲೋ ಬಂದ ವಿಶ್ವಾಸಿಯನ್ನು, ಅವನ ಹಿಂದಿನದು ಸ್ನಾನವೇ ಅಲ್ಲವೆಂದು ಹೇಳಿ ಮತ್ತೆ ನೀರಿಗಿಳಿಸುವ ಸಭೆಗಳಿವೆ. ಅವನು ಕರ್ತನನ್ನು ಅರಿತು ಒಪ್ಪಿರುವನೋ ಎಂದು ಕೇಳುವ ಅಧಿಕಾರ ಅವುಗಳಿಗೆ ನಿಶ್ಚಯವಾಗಿಯೂ ಉಂಟು. ಒಪ್ಪಿದ್ದರೆ, ಅವನ ಮೇಲೆ ಬಿದ್ದ ನೀರು ಎಷ್ಟೆಂದು ಅಳೆಯುವ ಅಧಿಕಾರವಿಲ್ಲ. ಹಾಗೆಯೇ ನೀರು ತಳಿಯುವ ಸಭೆಗಳ ಪಾಲಕರು, ಪ್ರಾಯಸ್ಥನೊಬ್ಬನು ದೀಕ್ಷೆಯನ್ನು ಬಯಸಿ ಬಂದಾಗ, ಬಟ್ಟಲನ್ನು ಬದಿಗಿಟ್ಟು ಅವನನ್ನು ಹೊಳೆಗೋ ಕೆರೆಗೋ ಕರೆದೊಯ್ಯಲಿ. ಅವರ ಆರಾಧನಾಕ್ರಮವು ಇದಕ್ಕೆ ಅನುಮತಿಯನ್ನು ಎಂದೋ ಕೊಟ್ಟಿದೆ.