ಲೇಪನದ್ರವಗಳ ಗಣಕಚಿತ್ರ: ಒಂದು ವಿಮರ್ಶೆ

ಕಾಗದ, ಫಿಲ್ಮು ಮೊದಲಾದವುಗಳ ಮೇಲೆ ಪಾಲಿಮರ್ ಬೆರೆತ ದ್ರವವನ್ನು ತೆಳುವಾಗಿ ಲೇಪಿಸುವ ಕ್ರಿಯೆಯನ್ನು ಇಂದು ಗಣಕಯಂತ್ರದಲ್ಲಿ ಮೊದಲೇ ಅನುಕರಿಸಿ ನೋಡುತ್ತಾರೆ. ಈ ದ್ರವವು ನೀರಿನಂತೆ ಹರಿಯುವುದಲ್ಲದೆ, ತಾನು ಹಿಗ್ಗಿದುದನ್ನು ರಬ್ಬರಿನಂತೆ ಕೆಲಕಾಲ ನೆನಪಿಟ್ಟುಕೊಳ್ಳುತ್ತದೆ. ಈ ಗುಣಕ್ಕೆ ಓಲ್ಡ್‌ರಾಯ್ಡ್ ಅವರು 1950ರಲ್ಲಿ ಸಮೀಕರಣಗಳನ್ನು ಕೊಟ್ಟರು. ಮುಂದೆ ಅವುಗಳನ್ನು ಗಣಕಯಂತ್ರಕ್ಕೆ ಒಪ್ಪಿಸಿದಾಗ, ಸ್ಥಿತಿಸ್ಥಾಪಕತ್ವದ ಪ್ರಾಬಲ್ಯವನ್ನು ಸೂಚಿಸುವ ವೈಸೆನ್‌ಬರ್ಗ್ ಸಂಖ್ಯೆಯು ಒಂದು ಮಿತಿಯನ್ನು ಮೀರಿದೊಡನೆ ಗಣನೆ ಕುಸಿಯುತ್ತಿತ್ತು. ದೋಷ ಸಮೀಕರಣದ್ದೋ ಗಣನಕ್ರಮದ್ದೋ ಎಂಬ ಚರ್ಚೆ ಬಹುಕಾಲ ನಡೆಯಿತು. 2004ರಲ್ಲಿ ಫತ್ತಾಲ್ ಮತ್ತು ಕುಪ್ಫರ್‌ಮನ್ ಅವರು ಲಾಗರಿಥಮಿನ ನೆರವಿನಿಂದ ಗಣನೆಯನ್ನು ಸ್ಥಿರಗೊಳಿಸಿದರು. ದೋಷದಲ್ಲಿ ಗಣನಕ್ರಮದ ಪಾಲು ದೊಡ್ಡದೆಂಬುದು ಇದರಿಂದ ವಿದಿತವಾಯಿತು.

ಇಲ್ಲಿಗೆ ಸಮಸ್ಯೆ ಪರಿಹಾರವಾಯಿತೆಂಬ ಮಾತನ್ನು ನಾವು ಒಪ್ಪಲಾರೆವು. ಹಿಂದೆ ಗಣನೆಯು ಕುಸಿದು ತನ್ನ ದೋಷವನ್ನು ತಾನೇ ಸಾರುತ್ತಿತ್ತು. ಈಗ ತಪ್ಪು ಉತ್ತರವೂ ಅಂದವಾದ ಚಿತ್ರವಾಗಿ ನಿಲ್ಲಬಲ್ಲದು. ಅಕ್ಷರ ಸ್ಫುಟವಾಗಿದೆಯೆಂದ ಮಾತ್ರಕ್ಕೆ ಇತಿಹಾಸಕಾರನು ಶಾಸನವನ್ನು ನಂಬುವುದಿಲ್ಲ. ಕೂಟಶಾಸನದ ಅಕ್ಷರವೂ ಸ್ಫುಟವಾಗಿರಬಹುದು. ಗಣನೆಗೆ ಹಾಸಿದ ಜಾಲರಿಯ ಕಣ್ಣುಗಳನ್ನು ಇನ್ನೂ ಕಿರಿದುಗೊಳಿಸಿದರೆ ಉತ್ತರ ನಿಲ್ಲುವುದೇ? ಅಳೆದು ನೋಡಿದ ಲೇಪದ ದಪ್ಪಕ್ಕೆ ಅದು ಹೊಂದುವುದೇ? ಈ ಎರಡು ಪ್ರಶ್ನೆಗಳಿಗೆ ಉತ್ತರ ಕೊಡದ ಪ್ರಬಂಧವನ್ನು ವಿದ್ಯಾರ್ಥಿಗಳು ಪ್ರಮಾಣವೆಂದು ಸ್ವೀಕರಿಸಬಾರದೆಂಬುದು ನಮ್ಮ ಅಭಿಪ್ರಾಯ.